ಸಂಗೀತ ಸಮ್ಮೇಳನದ ಕಸ ಮತ್ತು ಗಂಗವ್ವನ ಎಮ್ಮೆ

ಸಂಗೀತ ಕೇಳಿದರೆ ಮನಸ್ಸು ನಿರ್ಮಲವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಕುಳಿತು ಕೇಳಿದ ಜಾಗ ನಿರ್ಮಲವಾಗಿ ಉಳಿದದ್ದನ್ನು ನಾನು ಕಂಡಿಲ್ಲ. ನಮ್ಮ ಧಾರವಾಡದ ರಸಿಕ ನಿಧಾನದ ವಿಲಂಬಿತಕ್ಕೆ ಶೇಂಗಾ ಒಡೆಯುತ್ತಾನೆ, ವೇಗದ ದ್ರುತಕ್ಕೆ ಎಲೆಯಡಿಕೆ ಮೆಲ್ಲುತ್ತಾನೆ, ಕೊನೆಯ ಭೈರವಿ ಮುಗಿದೊಡನೆ ಕಣ್ಣೊರೆಸಿಕೊಂಡು ಎಲ್ಲವನ್ನೂ ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾನೆ. ನಾನೂ ಅಂಥವನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅರವತ್ತರ ದಶಕದ ಮಾತು. ಆಗ ಮೂರು ದಿನದ ಸಂಗೀತ ಸಮ್ಮೇಳನ ನಮ್ಮ ಶಾಲೆಯ ಮೈದಾನದಲ್ಲೇ ನಡೆಯುತ್ತಿತ್ತು. ಭೂಗೋಳದ ಮಾಸ್ತರನಾದ ನಾನು ಅದರ ಸಮಿತಿಯಲ್ಲಿದ್ದೆ. ಆ ವರ್ಷ ಹೆಡ್‌ಮಾಸ್ತರರು ನನ್ನನ್ನು ಕರೆದರು. "ನೋಡ್ರಿ ಮಾಸ್ತರ, ಹೋದ ವರ್ಷ ನೀವು ಹಾಡು ಕೇಳಿ ಹೋದ್ರಿ. ನಮ್ಮ ಹುಡುಗ್ರು ಎಂಟು ದಿವಸ ಕವಾಯತು ಬಿಟ್ಟು ಶೇಂಗಾ ಸಿಪ್ಪಿ ಆರಿಸಿದ್ರು. ಈ ಸಲ ಒಂದು ಎಲಿ ಬಿದ್ದಿದ್ದು ಕಂಡ್ರೂ ಮುಂದ ಮೈದಾನ ಸಿಗೂದಿಲ್ಲ." ಸಮಿತಿಗೆ ಇದನ್ನು ತಿಳಿಸಿದೆ. ಎಲ್ಲರೂ ನನ್ನ ಮುಖ ನೋಡಿದರು. ಕಸದ ಜವಾಬ್ದಾರಿ ಹೀಗೆ ನನಗೆ ಬಂತು.

ಉಪಾಯ ಹೊಳೆದದ್ದು ಊಟವಾದ ಮೇಲೆ. ನಾನು ಹಿತ್ತಲಿಗೆ ಎಸೆದ ಬಾಳೆಲೆಯನ್ನು ನಮಗೆ ಹಾಲು ಕೊಡುವ ಗಂಗವ್ವನ ಎಮ್ಮೆ ಚೂರೂ ಉಳಿಸದೆ ತಿಂದಿತು. ಶೇಂಗಾ ಸಿಪ್ಪೆಯನ್ನೂ ತಿನ್ನುತ್ತದೆಂದು ಗಂಗವ್ವ ಹೇಳಿದಳು. ಜಗತ್ತಿನಲ್ಲಿ ಕಸವೆಂಬುದೇ ಇಲ್ಲ, ತಿನ್ನುವವರು ಬರುವುದು ತಡವಾಗಿದೆ ಅಷ್ಟೇ ಎಂದು ನನಗೆ ಜ್ಞಾನೋದಯವಾಯಿತು. ಸಮ್ಮೇಳನ ಮುಗಿಯುವವರೆಗೆ ಎಮ್ಮೆ ಕೊಡುತ್ತೀಯಾ ಎಂದು ಕೇಳಿದೆ. "ಒಯ್ರಿ ಮಾಸ್ತರ," ಎಂದಳು ಗಂಗವ್ವ. "ಹಗ್ಗ ಮಾತ್ರ ಬಿಡಬ್ಯಾಡ್ರಿ."

ಎರಡು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಉಪ್ಪಿಟ್ಟಿನ ಎಲೆಗಳು ಬೀಳುವುದೇ ತಡ, ಎಮ್ಮೆ ಮುಗಿಸುತ್ತಿತ್ತು. ಅದು ಹಾಕಿದ ಸೆಗಣಿಯನ್ನು ಗಂಗವ್ವ ಕುಳ್ಳು ತಟ್ಟಲು ಒಯ್ಯುತ್ತಿದ್ದಳು. ಕಸ ಹುಡುಕಲು ಬಂದ ಹೆಡ್‌ಮಾಸ್ತರರು ಬರಿಗೈಯಲ್ಲಿ ಮರಳಿದರು.

ಮೂರನೆಯ ದಿನ ಬೆಳಿಗ್ಗೆ ಮಿರಜ ಕಡೆಯ ಹಿರಿಯ ಗಾಯಕರಾದ ಬುವಾ ಒಬ್ಬರು ತೋಡಿ ರಾಗ ಹಾಡಿದರು. ಚಪ್ಪರದ ಅಂಚಿನಲ್ಲಿ ಹಗ್ಗ ಹಿಡಿದು ನಿಂತಿದ್ದ ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿದವು. ಬುವಾ ಒಂದು ಸ್ವರವನ್ನು ಹಿಡಿದು ನಿಲ್ಲಿಸಿದಾಗ "ವಾಹ್" ಎಂದು ಎರಡೂ ಕೈ ಎತ್ತಿಬಿಟ್ಟೆ. ಕಣ್ಣು ತೆರೆದಾಗ ಎಮ್ಮೆ ವೇದಿಕೆಯ ಬಳಿ ನಿಂತು, ಬುವಾರಿಗೆ ಹಾಕಲು ತಂದಿಟ್ಟಿದ್ದ ಮಾಲೆಯನ್ನು ತಿನ್ನುತ್ತಿತ್ತು. ಮಾಲೆ ಮುಗಿಸಿ, ತಲೆ ಎತ್ತಿ, ಉದ್ದಕ್ಕೆ ಒಂದು ಸಲ ಕೂಗಿತು. ಬುವಾ ಹಾಡು ನಿಲ್ಲಿಸಿದರು. ಅವರು ತಂಬೂರಿ ಮೀಟಿ ನೋಡಿ, "ಎಮ್ಮಿ ಷಡ್ಜ ಬರೋಬ್ಬರಿ ಐತಿ," ಎಂದು ಮತ್ತೆ ಹಾಡತೊಡಗಿದರು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆಗೆ ಬೆದರಿದ ಎಮ್ಮೆ ಹೆಡ್‌ಮಾಸ್ತರರ ಕೋಣೆಯ ಕಡೆಗೆ ಓಡಿತು. ಅಲ್ಲಿ ಅವರು ಸ್ವತಃ ನೀರೆರೆದು ಬೆಳೆಸಿದ್ದ ಸೇವಂತಿಗೆಯ ಮಡಿ ಇತ್ತು. ನಾನು ಓಡಿ ತಲುಪುವಷ್ಟರಲ್ಲಿ ಮಡಿ ಮಾತ್ರ ಉಳಿದಿತ್ತು.

ಸಂಜೆ ಹೆಡ್‌ಮಾಸ್ತರರು ಖಾಲಿ ಮಡಿಯ ಮುಂದೆ ಬಂದು ನಿಂತರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಕಸ ಒಂದೂ ಇಲ್ಲ, ಖರೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಮರುವರ್ಷ ಮೈದಾನ ಕೇಳಲು ಸಮಿತಿಯವರು ಹೆದರುತ್ತಲೇ ಹೋದರು. ಹೆಡ್‌ಮಾಸ್ತರರು ಕೂಡಲೇ ಒಪ್ಪಿದರಂತೆ. ಒಂದೇ ಷರತ್ತು ಹಾಕಿದರಂತೆ: "ಎಮ್ಮಿ ಬರ್ಲಿ. ಹಗ್ಗ ಗಂಗವ್ವ ಹಿಡೀಲಿ. ಮಾಸ್ತರು ಬ್ಯಾಡ." ಹಾಗಾಗಿ ಆ ಸಲದ ಸಮ್ಮೇಳನವನ್ನು ನಾನು ಕಂಪೌಂಡಿನ ಗೋಡೆಯಾಚೆ ರಸ್ತೆಯಲ್ಲಿ ನಿಂತು ಕೇಳಿದೆ. ಎಮ್ಮೆ ಒಳಗೆ ಮುಂದಿನ ಸಾಲಿನಲ್ಲಿತ್ತು.