ಇರುವೆ ಪಾಸು ಮಾಡಿದ ಪುಡಿ

ತೂಕಕ್ಕೆ ಹಗುರ, ಹಟಕ್ಕೆ ಭಾರ, ಚೌಕಾಶಿಗೆ ಬಗ್ಗದ ಮಾಲು. ಚಿಕ್ಕೋಡಿ ಪೇಟೆಯ ಬೆಲ್ಲದ ವ್ಯಾಪಾರಿ ಜಿನ್ನಪ್ಪ ತನ್ನ ಹೆಂಡತಿ ಸುಗಂಧಾಬಾಯಿಗೆ ಕಟ್ಟಿದ ಅಂದಾಜು ಇದು. ಬೆಲ್ಲದ ಪೆಂಟೆಯನ್ನು ಉಗುರಿನಿಂದ ಗೀರಿ ಯಾವ ಗಾಣದ್ದೆಂದು ಹೇಳುವ ಮನುಷ್ಯ, ಈ ಒಂದು ಮಾಲಿನ ಮುಂದೆ ಮಾತ್ರ ಮದುವೆಯಾದಾಗಿನಿಂದ ಸೋಲುತ್ತಲೇ ಬಂದಿದ್ದ.

ಜೈನರ ಹತ್ತು ದಿನದ ದಶಲಕ್ಷಣ ಪರ್ವಕ್ಕೆ ಈ ಸಲ ಆಕೆ ಏಕಾಶನ ಹಿಡಿದಳು. ದಿನಕ್ಕೆ ಒಂದೇ ಊಟ, ಅದೂ ಮೌನವಾಗಿ. ತಟ್ಟೆಯಲ್ಲಿ ಹುಳವೋ ಕೂದಲೋ ಕಂಡರೆ ಅಂತರಾಯ. ಅಲ್ಲಿಗೇ ಕೈ ತೊಳೆದು ಏಳಬೇಕು, ಮತ್ತೆ ಊಟ ಮರುದಿನವೇ. ರಕ್ತದ ವರದಿ ನೋಡಿದ ಡಾಕ್ಟರು ಮಾತ್ರ ಒಂದು ಷರತ್ತು ಹಾಕಿದರು. "ಮೈಯಾಗ ಪ್ರೋಟೀನ ಭಾಳ ಕಡಿಮಿ ಐತಿ. ಆ ಒಂದ ಊಟದಾಗ ಪ್ರೋಟೀನ ಪುಡಿ ತಗೊಂಡ್ರ ವ್ರತ ಮಾಡ್ರಿ. ಇಲ್ಲಂದ್ರ ಬಿಡ್ರಿ."

ಸೊಸೆ ತೃಪ್ತಿ ಅಂದೇ ಸಂಜೆ ಪುಡಿಯ ಡಬ್ಬಿ ತಂದಳು. ಜಿನ್ನಪ್ಪ ಚಾಳೀಸು ಕನ್ನಡಕ ಏರಿಸಿ ಡಬ್ಬಿಯ ಬೆನ್ನು ಓದಿದ. ಸುಕ್ರಾಲೋಸ್. ಝಾಂಥನ್ ಗಮ್. ಹೆಸರಿಲ್ಲದೆ ಬರೀ ನಂಬರು ಹೊತ್ತ ಕೆಲವರು. ಕೊನೆಗೆ, ನೈಸರ್ಗಿಕಕ್ಕೆ ಸಮಾನವಾದ ವೆನಿಲಾ ಸುವಾಸನೆ.

"ಅಸಲಿಗೆ ಸಮಾನ ಅಂದ್ರೇನ ತೃಪ್ತಿ? ನಮ್ಮ ಪ್ಯಾಟ್ಯಾಗ ಅದಕ್ಕ ನಕಲಿ ಅಂತಾರ."

"ಮಾಮಾರ, ಡಾಕ್ಟರ್ ಹೇಳ್ಯಾರ್ರಿ."

"ಡಾಕ್ಟರ್ ಇದರ ಬೆನ್ನ ಓದ್ಯಾರೇನ? ಸಕ್ಕರಿ ಇಲ್ಲದ ಸಿಹಿ ಅಂತ. ಬೆಲ್ಲ ಮಾರಾವನ ಮನ್ಯಾಗ ಇದ ಬರಬೇಕಿತ್ತ ನೋಡ."

ಪರೀಕ್ಷೆಯಾಗದೆ ಮಾಲು ಒಳಗಿಳಿಸುವವನಲ್ಲ ಜಿನ್ನಪ್ಪ. ಹಿತ್ತಲ ಕಟ್ಟೆಯ ಮೇಲೆ ಒಂದು ಚಮಚ ಪುಡಿ, ಪಕ್ಕದಲ್ಲಿ ಚಿಟಿಕೆ ಬೆಲ್ಲ ಇಟ್ಟು ಕೂತ. ಇರುವೆಗಳು ಬಂದವು. ಪುಡಿಗೊಂದು ಸುತ್ತು ಹಾಕಿ, ಮನಸ್ಸಿಗೆ ಬಾರದ ಗಿರಾಕಿಗಳಂತೆ ಬೆಲ್ಲದ ಕಡೆ ನಡೆದವು. ಜಿನ್ನಪ್ಪನಿಗೆ ಸವಾಲಿನಲ್ಲಿ ಗೆದ್ದಷ್ಟು ಹಿಗ್ಗು.

"ನೋಡಿದಿಲ್ಲೋ? ಇರುವಿ ಮುಟ್ಟಲಾರದ್ದನ್ನ ಮನುಷ್ಯಾ ಮುಟ್ಟಬಾರದು. ನಾಳಿಂದ ಈ ಮನಿ ಪ್ರೋಟೀನ ನನ್ನ ಕೈಲೆ ಆಗ್ತೈತಿ."

"ನಿಮ್ಮ ಕೈಲೆ ಚಹಾ ಆಗಂಗಿಲ್ಲ," ಎಂದಳು ಸುಗಂಧಾಬಾಯಿ. "ನಂದು ಇರೂದ ಒಂದ ಊಟ. ಅದರಾಗ ಆಟ ಆಡಬ್ಯಾಡ್ರಿ."

ಸೀಲು ಒಡೆದಿದ್ದರೂ ಡಬ್ಬಿ ಔಷಧದ ಅಂಗಡಿಗೆ ವಾಪಸು ಹೋಯಿತು. ಮರುದಿನ ಮುಂಜಾನೆ ಜಿನ್ನಪ್ಪ ಶೇಂಗಾ ಹುರಿದ, ಪುಠಾಣಿ ಬೀಸಿದ, ಕರಿ ಗುರೆಳ್ಳು ಬೆರೆಸಿದ, ಮೇಲೆ ಧಾರಾಳವಾಗಿ ತನ್ನದೇ ಅಂಗಡಿಯ ಬೆಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ವ್ಯಾಪಾರಿಯ ಕೈ, ಹೊಸ ಮಾಲನ್ನು ಮುಚ್ಚಿಡಲು ಕಲಿತಿಲ್ಲ. ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ಪಕ್ಕದಲ್ಲೇ ತನ್ನ ಪುಡಿಯ ಡಬ್ಬಿ ತೆರೆದಿಟ್ಟು, ಬಂದ ಬಂದ ಗಿರಾಕಿಗೆಲ್ಲ ಚಿಟಿಕೆ ಚಿಟಿಕೆ ಮಾದರಿ ಹಂಚಿದ. ಎಲ್ಲರೂ ಹೊಗಳಿದರು. ಪುಕ್ಕಟೆಯದನ್ನು ಯಾರು ತೆಗಳುತ್ತಾರೆ?

ಮಧ್ಯಾಹ್ನ ಸುಗಂಧಾಬಾಯಿ ಊಟಕ್ಕೆ ಕೂತಳು. ಬೆಳಗಿನಿಂದ ಬರೀ ಹೊಟ್ಟೆ, ಮುಖ ಬಾಡಿತ್ತು. ಜಿನ್ನಪ್ಪ ಬಿಸಿ ಹಾಲಿಗೆ ಪುಡಿ ಕದಡುವುದನ್ನೂ ಸೊಸೆಗೆ ಬಿಡದೆ, ಅಂಗಡಿಯಿಂದ ತಂದ ಪುಡಿಯನ್ನು ಬಟ್ಟಲಲ್ಲಿ ಹಾಕಿ, ಹಾಲಿನ ತಂಬಿಗೆ ಹಿಡಿದು ಹೆಂಡತಿಯ ಮುಂದೆಯೇ ನಿಂತ. ಆಕೆ ಮೊದಲ ತುತ್ತು ಎತ್ತಿದಳು. ಬಟ್ಟಲನ್ನು ದಿಟ್ಟಿಸಿದಳು. ತುತ್ತು ತಟ್ಟೆಗೆ ಇಳಿಸಿ, ಎರಡೂ ಕೈ ಜೋಡಿಸಿದಳು.

"ಏ, ನಮಸ್ಕಾರ ಯಾಕ? ಗಂಡಾ ಅಂದಮ್ಯಾಲ ಇಷ್ಟ ಮಾಡಬಾರದೇನು?" ಎಂದು ಜಿನ್ನಪ್ಪ ನಾಚಿದ.

ಕೈ ಮುಗಿದದ್ದು ಗಂಡನಿಗಲ್ಲ, ಅಂತರಾಯಕ್ಕೆ; ಆಕೆ ಕೈ ತೊಳೆದು ಎದ್ದೇಬಿಟ್ಟಳು. ಊಟ ಮುಗಿದಿತ್ತು, ಮೌನವೂ ಮುಗಿದಿತ್ತು.

"ಬಟ್ಟಲದಾಗ ಕರ‍್ರಗ ಅದೇನ್ರಿ?"

"ಗುರೆಳ್ಳ."

"ಗುರೆಳ್ಳಿಗಿ ಕಾಲ ಇರ್ತಾವೇನ?"

ಜಿನ್ನಪ್ಪ ಚಾಳೀಸು ಹುಡುಕಿ ಬಗ್ಗಿ ನೋಡಿದ. ಗುರೆಳ್ಳು ಬಟ್ಟಲ ಅಂಚಿಗೆ ಹತ್ತಿ ಆಚೆ ಇಳಿಯುತ್ತಿತ್ತು. ಹಿಂದೆ ಇನ್ನೂ ನಾಲ್ಕಾರು.

"ಡಾಕ್ಟರ್ ಪುಡಿ ಇರುವಿ ಮುಟ್ಟಲಿಲ್ಲಂತ ನೀವು ಕೊಡಲಿಲ್ಲ. ನಿಮ್ಮ ಪುಡಿ ಇರುವಿ ಮುಟ್ಟೇತಿ, ನಾ ತಿನ್ನಂಗಿಲ್ಲ. ಹಂಗಾರ ನಾ ತಿನ್ನೂದೇನ್ರಿ? ನಿಮ್ಮ ಪರೀಕ್ಷಾದಾಗ ನಿಮ್ಮ ಪುಡಿ ಮಾತ್ರ ಫಸ್ಟ್ ಕ್ಲಾಸ್ ಪಾಸಾತು ನೋಡ್ರಿ."

ಅಂಗಡಿಯಲ್ಲಿ ತೆರೆದಿಟ್ಟಿದ್ದ ಡಬ್ಬಿಯಲ್ಲಿ ಇರುವೆಗಳ ಸಂತೆ ನೆರೆದಿತ್ತು. ಜೈನರ ಮನೆ, ಕೊಲ್ಲುವಂತಿಲ್ಲ, ನೀರು ಸುರಿಯುವಂತಿಲ್ಲ. ಬಿಸಿಲಿಗಿಡೋಣವೆಂದರೆ, "ಸಾಯ್ತಾವ್ರಿ ಮಾಮಾರ," ಎಂದಳು ತೃಪ್ತಿ. ಕೊನೆಗೆ ಜಿನ್ನಪ್ಪ ಹಿತ್ತಲ ಬೇವಿನ ನೆರಳಲ್ಲಿ ಅಷ್ಟೂ ಪುಡಿಯನ್ನು ಹರವಿ, ತನ್ನ ಮೊದಲ ಖಾಯಂ ಗಿರಾಕಿಗಳು ಉಂಡು ಮುಗಿಸುವುದನ್ನು ನೋಡುತ್ತ ಕೂತ. ಅವನಿಗೂ ಊಟ ಸೇರಲಿಲ್ಲ.

ಅಷ್ಟರಲ್ಲಿ ತೃಪ್ತಿ ಡಾಕ್ಟರಿಗೆ ಫೋನು ಮಾಡಿದ್ದಳು. ಪುಡಿಯೇ ಆಗಬೇಕೆಂದಿಲ್ಲ, ಹೆಸರುಕಾಳಿನ ಉಸುಳಿ, ಗಟ್ಟಿ ಮೊಸರು ಹೊಟ್ಟೆ ತುಂಬ ತಿಂದರೂ ವ್ರತ ನಡೆಯಲಿ ಎಂದಿದ್ದರು. ನಾಳೆಗೆಂದು ಆಕೆ ಕಾಳು ನೆನೆಹಾಕುತ್ತಿದ್ದಾಗ ಮಾವ ಬಂದು ಬಗ್ಗಿ ನೋಡಿದ.

"ಇದರ ಬೆನ್ನ ಮ್ಯಾಲ ಏನೂ ಬರದಿಲ್ರಿ ಮಾಮಾರ," ಎಂದಳು ತೃಪ್ತಿ. "ನೀವು ಅಂಗಡಿಗೆ ಹೋಗ್ರಿ."

ಒಳಗೆ ಸುಗಂಧಾಬಾಯಿ ಗೋಡೆಗೆ ಒರಗಿ, ಹಸಿದ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು. ಜಿನ್ನಪ್ಪ ಬಾಗಿಲಲ್ಲಿ ನಿಂತು ನೋಡಿದ. ನಾಳೆ ಎಷ್ಟು ಬಡಿಸಿದರೂ ಅದು ನಾಳೆಯ ಊಟವೇ. ಹೆಂಡತಿಗೆ ಅವನು ಇಂದಿನ ಒಂದು ಊಟದ ಬಾಕಿದಾರ.