ತಂಬಾಕಿನ ಹೂವೂ ನಮ್ಮ ಅತ್ತೆಯೂ

ನಮ್ಮ ಅತ್ತೆಗೆ ತಂಬಾಕಿನ ಚಟವಿದೆ. ಗಾಬರಿಯಾಗಬೇಡಿ! ತಿನ್ನುವುದಿಲ್ಲ, ಸೇದುವುದಿಲ್ಲ, ಬರೀ ನೋಡುತ್ತಾಳೆ. ಅಪ್ಪನ ಈ ತಂಗಿ ಸಂಶೋಧಕಿ. ತಂಬಾಕಿನ ಜೀವಕೋಶದ ಪೊರೆಯಲ್ಲಿ ಯಾವ ಕಿಣ್ವ ಎಲ್ಲಿ ಕೂತಿದೆ ಎಂದು ಹುಡುಕುವುದೇ ಅವಳ ಕಸುಬು. ಮನೆಯ ಬೀಗದ ಕೈ ಎಲ್ಲಿಟ್ಟಿದ್ದೀ ಎಂದು ಕೇಳಿ ನೋಡಿ, ಗೊತ್ತಿಲ್ಲ! ಹೀಗೆ ಆಡಿಕೊಳ್ಳುತ್ತೇನಾದರೂ ಒಳಗೊಳಗೇ ನನಗೆ ಅವಳ ಬಗ್ಗೆ ಬಹಳ ಹೆಮ್ಮೆ.

ನಮ್ಮೂರು ಭೋಜದ ಮನೆಗೆ ಬಂದರೆ ಊಟದ ತಟ್ಟೆಯಲ್ಲೂ ಪಾಠ.

"ಅವ್ವಾ, ಸಾರಿನ ಮ್ಯಾಲ ತೇಲೋ ಎಣ್ಣಿ ನೋಡ. ಜೀವಕೋಶದ ಪೊರಿನೂ ಇಂಥಾ ಕೊಬ್ಬಿಂದನ ಆಗೇತಿ. ಕಿಣ್ವ ಅದನ್ನ ಕತ್ತರಿಸಿ ಒಳಗ ಸುದ್ದಿ ಕಳಸ್ತಾವು."

"ಸುದ್ದಿ ಆಮ್ಯಾಲ ಕಳಸ್ಲಿ, ನೀ ಮೊದಲ ರೊಟ್ಟಿ ತಿನ್ನ," ಎಂದಳು ಅಜ್ಜಿ.

ಹೋದ ವರ್ಷ ಅತ್ತೆಗೆ ತಂಬಾಕಿನ ಹೂವು ಬೇಕಾದವು. ಪರಾಗದಿಂದ ಸಣ್ಣ ನಳಿಕೆ ಹೊರಡುತ್ತದಂತೆ. ಕೆಲವು ಕಿಣ್ವ ಅದರ ತುದಿಯಲ್ಲಿ, ಕೆಲವು ಪಕ್ಕದಲ್ಲಿ. ಜಾಗ ಅದಲುಬದಲಾದರೆ ನಳಿಕೆ ದಾರಿ ತಪ್ಪುತ್ತದಂತೆ! ಪ್ರಯೋಗಾಲಯದ ಗಿಡಗಳು ಒಣಗಿಹೋಗಿದ್ದವು. ಈ ಹಂಗಾಮು ತಪ್ಪಿದರೆ ಪಿಎಚ್.ಡಿ. ಒಂದು ವರ್ಷ ಮುಂದಕ್ಕೆ. ಆದರೆ ನಮ್ಮಲ್ಲಿ ತಂಬಾಕನ್ನು ಹೂವಿಗೆ ಬಿಡುವುದುಂಟೆ? ಮೊಗ್ಗು ಕಂಡ ಕೂಡಲೇ ಕುಡಿ ಚಿವುಟಬೇಕು, ಆಗಲೇ ಎಲೆ ದಪ್ಪವಾಗುವುದು. ಚಿವುಟದವನು ಸೋಮಾರಿ ಎಂದು ಊರೇ ನಗುತ್ತದೆ. ಅತ್ತೆ ಅಪ್ಪನನ್ನು ಕಾಡಿ ಬೇಡಿ ನಮ್ಮ ಹೊಲದಲ್ಲಿ ಮೂರು ಗಿಡ ಉಳಿಸಿಕೊಂಡಳು.

ಹೂವು ಕೊಯ್ಯಲು ಪ್ರೊಫೆಸರರನ್ನೂ ಕರೆದುಕೊಂಡು ಬಂದ ದಿನ ಆ ಮೂರೂ ಗಿಡ ಬೋಳು!

"ದೊಡ್ಡ ಮಂದಿ ಬರಾವ್ರು, ಹೊಲ ಸ್ವಚ್ಛ ಇರಲಿ ಅಂತ ಮುಂಜಾನೆ ನಾನ ಚಿವುಟಿದೆ," ಎಂದಳು ಅಜ್ಜಿ, ಶಾಬಾಸ್‌ಗಿರಿಗೆ ಕಾಯುತ್ತ. ಅತ್ತೆಯ ಕಣ್ಣು ತುಂಬಿತು.

ಕೊನೆಗೆ ಹೂವು ಸಿಕ್ಕಿದ್ದೆಲ್ಲಿ? ಊರಿನ ಮಹಾ ಸೋಮಾರಿಯ ಹೊಲದಲ್ಲಿ! "ವಿಜ್ಞಾನಕ್ಕಂತನ ಬಿಟ್ಟಿದ್ದೆ ನೋಡ್ರಿ!" ಎಂದು ಆತ ಮೀಸೆ ತಿರುವಿದ.

ಅಜ್ಜಿ ಮಾತ್ರ ಮಂಕಾಗಿ ಕಟ್ಟೆಯ ಮೇಲೆ ಕೂತಿದ್ದಳು. ಅತ್ತೆ ಬೈಯಲಿಲ್ಲ. ಒಂದಿಷ್ಟು ಪರಾಗವನ್ನು ಸಕ್ಕರೆ ನೀರಿನ ಹನಿಯಲ್ಲಿಟ್ಟು, ಎರಡು ತಾಸು ಬಿಟ್ಟು, ತಾನು ತಂದಿದ್ದ ಸೂಕ್ಷ್ಮದರ್ಶಕದ ಮುಂದೆ ಅಜ್ಜಿಯನ್ನು ಕೂರಿಸಿದಳು.

"ದಾರದಂಗ ಹೊಂಟೈತಲ್ಲ ಬೇ! ಇದಕ್ಕ ದಾರಿ ಯಾರ ಹೇಳ್ತಾರ?" ಎಂದಳು ಅಜ್ಜಿ.

"ಅದನ್ನ ಹುಡುಕಾಕತ್ತೇನವ್ವಾ."

ಅಜ್ಜಿ ತಂಬಾಕಿನ ಅಂಟಿನಿಂದ ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಜಲ್ಮ ಪೂರ್ತಿ ಚಿವುಟಿ ಒಗದೆ. ಒಳಗ ಏನೈತಂತ ಒಮ್ಮಿನೂ ನೋಡ್ಲಿಲ್ಲ."

ಅತ್ತೆ ಆ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು.

"ನೀ ಚಿವುಟಿದ್ದಕ್ಕನ ನಾ ಓದಿದೆ, ಅವ್ವಾ."