ಹಂಪಣ್ಣ ಮಾಸ್ತರರ ನೀರಿನ ಹನಿ

ಆಯುಧ ಪೂಜೆಯಲ್ಲಿ ಶಾಲೆಯ ಗಂಟೆಗೂ ಕುಂಕುಮ ಹಚ್ಚುವುದು ಎಲ್ಲ ಕಡೆ ಇದ್ದದ್ದೇ. ಆದರೆ ಮಾನ್ವಿಯ ಆ ಶಾಲೆಯಲ್ಲಿ ಹೆಡ್‌ಮೇಡಂ ಅಮರಮ್ಮನವರ ಭಕ್ತಿ ಈ ಸಲ ಸೂಕ್ಷ್ಮದರ್ಶಕದ ಮಸೂರಗಳವರೆಗೂ ಹೋಗಿತ್ತು.

ರಜೆ ಮುಗಿದ ದಿನ ವಿಜ್ಞಾನದ ಹಂಪಣ್ಣ ಮಾಸ್ತರರು ಕಣ್ಣಿಟ್ಟು ನೋಡಿದರೆ ಈರುಳ್ಳಿ ಸಿಪ್ಪೆಯ ಬದಲು ಬರೀ ಕೆಂಪು. ರಾಯಚೂರಿನಿಂದ ಅಧಿಕಾರಿ ಶೈಲಜಾ ಮೇಡಂ ಈ ಹಳೆಯ ಯಂತ್ರವನ್ನು ನೋಡಲು ಅಂದೇ ಬರುವವರಿದ್ದರು. ಜಿಲ್ಲೆಗೆ ಬಂದಿರುವ ಹೊಸ ಸೂಕ್ಷ್ಮದರ್ಶಕ ಒಂದೇ, ಕೇಳಿದ ಶಾಲೆಗಳು ಎರಡು: ಇದು, ಮತ್ತೆ ದೇವದುರ್ಗದ್ದು. ಹಳೆಯದನ್ನು ಹಾಳು ಮಾಡಿಕೊಂಡವರಿಗೆ ಹೊಸದು ಇಲ್ಲ ಎಂದು ಅವರು ಫೋನಿನಲ್ಲೇ ಹೇಳಿದ್ದರು. ಆರು ವರ್ಷ ಅರ್ಜಿ ಬರೆದು ಮಾಸ್ತರರ ಕೈ ಸೋತಿತ್ತು.

“ಮೇಡಂ, ಗಾಜಿಗ್ಯಾಕ ಹಚ್ಚಿದ್ರಿ?” ಎಂದು ಅಮರಮ್ಮನವರನ್ನು ಕೇಳಿದರು.

“ಲಾರಿಯೋರು ಲೈಟಿಗೆ ಹಚ್ಚಂಗಿಲ್ಲೇನ್ರಿ? ಇದಕ್ಕೂ ಅದೇ ಕಣ್ಣಲ್ಲ?”

ಆಟದ ಮಾಸ್ತರ್ ಅಲ್ಲಾಉದ್ದೀನ್ ಸಾಹೇಬರು ಓಡಿಬಂದರು. “ಫಿಕರ್ ಮಾಡಬ್ಯಾಡ್ರಿ, ಕೊಬ್ಬರಿ ಎಣ್ಣಿಗೆ ಹೋಗಲಾರದ ಕಲಿನೇ ಇಲ್ಲ!”

ಬೇಡ ಅನ್ನುವಷ್ಟರಲ್ಲಿ ಒರೆಸಿಯೂ ಆಗಿತ್ತು. ಎಣ್ಣೆ, ಕುಂಕುಮ ಕಲಸಿ ಮಸೂರ ಉಪ್ಪಿನಕಾಯಿ ಭರಣಿಯಂತಾಯಿತು. ಹೊರಗೆ ಜೀಪು ನಿಂತ ಸದ್ದು.

ಹಂಪಣ್ಣ ಮಾಸ್ತರರು ಸುಲಭಕ್ಕೆ ಸೋಲುವ ಆಸಾಮಿಯಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿದರು. ತೆಳು ತಗಡಿಗೆ ಸಣ್ಣ ಮೊಳೆಯಿಂದ ತೂತು ಹೊಡೆದು, ಅದರಲ್ಲಿ ಒಂದು ಹನಿ ನೀರು ನಿಲ್ಲಿಸಿದರು.

“ಬರ್ರಿ ಮೇಡಂ! ಮುನ್ನೂರೈವತ್ತು ವರ್ಷದ ಹಿಂದ ಹಾಲೆಂಡಿನಾಗ ಲೇವನ್‌ಹುಕ್ ಅಂತ ಒಬ್ಬ ಬಟ್ಟಿ-ಅರಿವಿ ವ್ಯಾಪಾರಿ ಇದ್ದ. ಕಾಳಿನಷ್ಟು ಒಂದೇ ಗಾಜಿನಾಗ ನೀರಾಗಿನ ಹುಳ ನೋಡಿದಾವ. ಗುಂಡಗಿದ್ದದ್ದು ಬೆಳಕು ಬಗ್ಗಸ್ತದ, ಸಣ್ಣದು ದೊಡ್ಡದಾಗಿ ಕಾಣ್ತದ. ಈ ಹನಿಯಾಗಿಂದ ಹತ್ತಿ ಎಳಿ ನೋಡ್ರಿ.”

ಶೈಲಜಾ ಮೇಡಂ ಬಗ್ಗಿ ನೋಡಿದರು. “ಅಬ್ಬಾ! ಹಗ್ಗದಂಗ ಕಾಣಾಕತ್ತದಲ್ರೀ!”

ಮಕ್ಕಳು ಸಾಲುಗಟ್ಟಿದರು. ಮಾಸ್ತರರಿಗೆ ಹಿಗ್ಗೋ ಹಿಗ್ಗು.

“ಹಳೇ ಯಂತ್ರ ನೋಡೋದೇ ಬ್ಯಾಡ ಬಿಡ್ರಿ,” ಎಂದ ಶೈಲಜಾ ಮೇಡಂ ಅಲ್ಲೇ ಕೂತು ಆದೇಶ ಬರೆದರು. ಮಾಸ್ತರರು ಉಸಿರು ಬಿಟ್ಟರು.

“ತಗಡಿನಾಗ ಇಷ್ಟು ತೋರಿಸೋ ಮಾಸ್ತರ್ ಇರೋ ಶಾಲಿಗೆ ಹೊಸದು ಯಾಕ್ರೀ? ಅದು ದೇವದುರ್ಗಕ್ಕ ಹೋಗ್ಲಿ, ಅಲ್ಲಿ ಕಲಿಸೋರೇ ಇಲ್ಲ. ವಾರಕ್ಕೊಮ್ಮಿ ನೀವೇ ಹೋಗಿ ಕಲಿಸಿ ಬರ್ರಿ.”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಲ್ಲಾಉದ್ದೀನ್ ಸಾಹೇಬರು.